ಪಿಷ್ಟವಿಲ್ಲದ ರೊಟ್ಟಿ

ಸಂಸ್ಕೃತದಲ್ಲಿ ‘ಪಿಷ್ಟ’ ಎಂದರೆ ಅರೆದದ್ದು, ಬೀಸಿದ್ದು, ಅರ್ಥಾತ್ ಹಿಟ್ಟು. ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯವನ್ನು ಪಿಷ್ಟಪಾಕಕ್ಕೆ ಮೀಸಲಿಟ್ಟಾಗ ಅವನ ಮನಸ್ಸಿನಲ್ಲಿದ್ದುದು ಈ ಅರ್ಥವೇ. ಹೊಸಗನ್ನಡದ ವಿಜ್ಞಾನ ಪುಸ್ತಕಗಳು ಅದೇ ಪದವನ್ನು ಧಾನ್ಯದೊಳಗಿನ ಒಂದು ಘಟಕಕ್ಕೆ, ಇಂಗ್ಲಿಷಿನಲ್ಲಿ ಸ್ಟಾರ್ಚ್ ಎನ್ನುವುದಕ್ಕೆ, ಹಚ್ಚಿದವು. ಹೀಗಾಗಿ ಇಂದು ಕೀಟೋ ಪಥ್ಯದವರು ಅಂಗಡಿ ಅಂಗಡಿ ಹುಡುಕುತ್ತಿರುವ ವಸ್ತುವನ್ನು ಕನ್ನಡದಲ್ಲಿ ಹೆಸರಿಸಹೊರಟರೆ ‘ಪಿಷ್ಟವಿಲ್ಲದ ಪಿಷ್ಟ’ ಎನ್ನಬೇಕಾಗುತ್ತದೆ. ಈ ವಿರೋಧಾಭಾಸ ಬರಿಯ ಮಾತಿನದಲ್ಲ. ನಮ್ಮ ರೊಟ್ಟಿಯನ್ನು ರೊಟ್ಟಿಯಾಗಿಸುವುದೇ ಈ ಪಿಷ್ಟ. ಅದನ್ನೇ ತೆಗೆದುಬಿಟ್ಟು ರೊಟ್ಟಿಯನ್ನು ಮಾತ್ರ ಉಳಿಸಿಕೊಳ್ಳಬೇಕೆಂಬುದು ಬೇಡಿಕೆ.

ಕೀಟೋ ಪಥ್ಯದ ಲೆಕ್ಕ ಸರಳ. ನಾವೆಲ್ಲ ಕಾರ್ಬೋಹೈಡ್ರೇಟ್ ಎಂದು ಕರೆಯುವ ಶರ್ಕರಪಿಷ್ಟವನ್ನು ದಿನಕ್ಕೆ 20ರಿಂದ 50 ಗ್ರಾಂ ಒಳಗೆ ಇರಿಸಿದರೆ ದೇಹ ಕೊಬ್ಬನ್ನೇ ಇಂಧನ ಮಾಡಿಕೊಳ್ಳುತ್ತದೆ, ಯಕೃತ್ತು ಕೀಟೋನುಗಳನ್ನು ತಯಾರಿಸತೊಡಗುತ್ತದೆ. ಒಂದು ಜೋಳದ ರೊಟ್ಟಿಗೆ 45 ಗ್ರಾಂ ಹಿಟ್ಟು ಹಿಡಿದರೂ ಅದರಲ್ಲಿ ಸುಮಾರು 30 ಗ್ರಾಂ ಶರ್ಕರಪಿಷ್ಟವಿರುತ್ತದೆ. ಮೊದಲ ರೊಟ್ಟಿ ಮುಗಿಯುವಷ್ಟರಲ್ಲಿ ದಿನದ ಪಾಲೂ ಬಹುತೇಕ ಮುಗಿದಿರುತ್ತದೆ.

ಇದನ್ನು ಇಂದಿನ ಶೋಕಿಯೆಂದು ತಳ್ಳಿಹಾಕುವವರಿದ್ದಾರೆ. ಆದರೆ ಧಾನ್ಯವನ್ನು ಬಿಡಬೇಕಾಗಿ ಬಂದ ಮನುಷ್ಯ ರೊಟ್ಟಿಯ ಆಕಾರವನ್ನು ಬಿಡಲೊಲ್ಲದೆ ಪಟ್ಟ ಪಾಡಿಗೆ ಇನ್ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಅದರ ಬಹುಭಾಗದಲ್ಲಿ ಪ್ರಶ್ನೆ ಸೊಂಟದ ಸುತ್ತಳತೆಯದಾಗಿರಲಿಲ್ಲ, ಪ್ರಾಣದ್ದಾಗಿತ್ತು.

ನಮ್ಮ ಪ್ರಾಚೀನರು ಈ ಹಟಕ್ಕೆ ಬೀಳಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನ ಪ್ರಮೇಹದ ರೋಗಿಗೆ ಹೇಳುವ ಆಹಾರದಲ್ಲಿ ಜವೆಗೋಧಿಗೆ ಅಗ್ರಸ್ಥಾನವಿದೆ: ಅದರ ಹುರಿಹಿಟ್ಟು, ಅದರ ಅಪೂಪ, ತ್ರಿಫಲೆಯ ಕಷಾಯದಲ್ಲಿ ನೆನೆಸಿದ ಜವೆಗೋಧಿ. ಪ್ರಮೇಹವನ್ನು ಇಂದಿನ ಡಯಾಬಿಟಿಸಿನೊಂದಿಗೆ ಸಮೀಕರಿಸುವಂತಿಲ್ಲ. ಇಪ್ಪತ್ತು ಬಗೆಯ ಪ್ರಮೇಹಗಳಲ್ಲಿ ಮಧುಮೇಹ ಒಂದು ಮಾತ್ರ. ಆದರೂ ವಿಧಾನ ಗಮನಾರ್ಹ. ಅವರು ಧಾನ್ಯವನ್ನು ಬದಲಿಸಿದರು, ಧಾನ್ಯವನ್ನೇ ಕೈಬಿಡಲಿಲ್ಲ.

ಕೈಬಿಡುವ ಮಾತು ಖಚಿತವಾಗಿ ಕೇಳಿಬಂದದ್ದು ಬ್ರಿಟನ್ನಿನಲ್ಲಿ. 1797ರಲ್ಲಿ ಸೇನಾ ವೈದ್ಯ ಜಾನ್ ರೊಲ್ಲೊ, ಮೆರೆಡಿತ್ ಎಂಬ ಕ್ಯಾಪ್ಟನ್ನನ ಮಧುಮೇಹಕ್ಕೆ ಮಾಂಸಪ್ರಧಾನ ಪಥ್ಯ ನೀಡಿದ ವೃತ್ತಾಂತವನ್ನು ಪ್ರಕಟಿಸಿದ. ಮಧ್ಯಾಹ್ನಕ್ಕೆ ರಕ್ತ ಮತ್ತು ಕೊಬ್ಬಿನ ಕಡುಬು, ಆಮೇಲಿನ ಊಟಕ್ಕೆ ಹಳಸಲು ಮಾಂಸ. ಓದಿದರೇ ಹೊಟ್ಟೆ ತೊಳಸುವ ಈ ಪಟ್ಟಿಯ ಬೆಳಗಿನ ಭಾಗದಲ್ಲಿ, ಸುಣ್ಣದ ತಿಳಿನೀರು ಬೆರೆಸಿದ ಹಾಲಿನ ಜೊತೆಗೆ, ಬ್ರೆಡ್ಡು ಬೆಣ್ಣೆ ಹಾಗೆಯೇ ಉಳಿದಿದ್ದವು. ಅಷ್ಟು ಕಠೋರನಾದ ವೈದ್ಯನೂ ಅಲ್ಲಿ ಕೈ ಹಿಡಿದ. ಇಂಗ್ಲಿಷಿನ ‘ಲಾರ್ಡ್’ ಎಂಬ ಪದದ ಹಳೆಯ ರೂಪ ‘ಹ್ಲಾಫ್‌ವೆಯಾರ್ಡ್’, ಅಂದರೆ ರೊಟ್ಟಿಯ ಕಾವಲುಗಾರ. ‘ಲೇಡಿ’ಯ ಮೂಲದಲ್ಲಿರುವವಳು ಹಿಟ್ಟು ನಾದುವವಳು. ಒಡೆತನವನ್ನೇ ರೊಟ್ಟಿಯಿಂದ ಅಳೆದ ಭಾಷೆಯವರಿಗೆ ರೊಟ್ಟಿಯಿಲ್ಲದ ಊಟ ಊಟವೆನಿಸದಿದ್ದರೆ ಅಚ್ಚರಿಯೇನು?

ನಿಜವಾದ ‘ಬದಲಿ ಹಿಟ್ಟಿನ’ ಕಥೆ ಪ್ಯಾರಿಸ್ಸಿನಲ್ಲಿ ಆರಂಭವಾಗುತ್ತದೆ. ಗೋಧಿ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಪಿಷ್ಟವೆಲ್ಲ ಹಾಲಿನಂತೆ ಹರಿದುಹೋಗಿ ಅಂಟಾದ, ಎಳೆದರೆ ಹಿಗ್ಗುವ ಒಂದು ಮುದ್ದೆ ಉಳಿಯುತ್ತದೆಂಬುದನ್ನು ಬೊಲೊನ್ಯದ ಬೆಕ್ಕಾರಿ 18ನೇ ಶತಮಾನದಲ್ಲೇ ತೋರಿಸಿದ್ದ. ಅದೇ ಗ್ಲುಟೆನ್. ಹೋಳಿಗೆಯ ಕಣಕ ನಾದಿದವರ ಬೆರಳಿಗೆ ಅದರ ಪರಿಚಯ ಚೆನ್ನಾಗಿಯೇ ಇರುತ್ತದೆ. 1840ರ ದಶಕದಲ್ಲಿ ಅಪೊಲಿನೇರ್ ಬುಶಾರ್ದಾ ಎಂಬ ಫ್ರೆಂಚ್ ವೈದ್ಯ ಈ ಗ್ಲುಟೆನ್ನಿನಿಂದಲೇ ಮಧುಮೇಹಿಗಳಿಗೆ ಬ್ರೆಡ್ಡು ಮಾಡಿಸಿದ. ರೊಟ್ಟಿಯನ್ನು ಕಿತ್ತುಕೊಂಡರೆ ರೋಗಿ ಪಥ್ಯವನ್ನೇ ಮುರಿಯುತ್ತಾನೆಂಬುದನ್ನು ಅವನು ಕಂಡಿದ್ದ. 1870-71ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ಸಿಗೆ ಮುತ್ತಿಗೆ ಹಾಕಿ ನಗರವೆಲ್ಲ ಹಸಿದಾಗ ತನ್ನ ರೋಗಿಗಳ ಮೂತ್ರದಲ್ಲಿ ಸಕ್ಕರೆ ಕಡಿಮೆಯಾದುದನ್ನೂ ಗಮನಿಸಿದವನು ಇವನೇ. ಬದಲಿ ಹಿಟ್ಟಿಗಿಂತ ಬರಿಗೈಯೇ ಮೇಲು ಎಂದು ಯುದ್ಧ ಅವನಿಗೆ ತೋರಿಸಿಕೊಟ್ಟಿತು; ಆದರೆ ಯಾವ ರೋಗಿಯೂ ಮುತ್ತಿಗೆಯನ್ನು ಔಷಧಿಯಾಗಿ ಕೊಳ್ಳುವುದಿಲ್ಲವಷ್ಟೆ.

ಇಂಗ್ಲೆಂಡಿನಲ್ಲಿ ಸ್ವತಃ ಮಧುಮೇಹಿಯಾಗಿದ್ದ ಡಾ. ಕ್ಯಾಂಪ್ಲಿನ್ ಗೋಧಿಯ ತೌಡನ್ನು ತೊಳೆದು, ಒಣಗಿಸಿ, ನುಣ್ಣಗೆ ಬೀಸಿ, ಮೊಟ್ಟೆ ಬೆಣ್ಣೆ ಬೆರೆಸಿ ಬಿಲ್ಲೆಗಳನ್ನು ಮಾಡಿಕೊಂಡ. ಲಂಡನ್ನಿನ ಗೈಸ್ ಆಸ್ಪತ್ರೆಯ ಫ್ರೆಡೆರಿಕ್ ಪೇವಿ 1860ರ ದಶಕದಲ್ಲಿ ಬಾದಾಮಿಯ ಪುಡಿಯತ್ತ ತಿರುಗಿದ. ಬಾದಾಮಿಯಲ್ಲೂ ತುಸು ಸಕ್ಕರೆಯಿದೆಯೆಂದು ಆ ಪುಡಿಯನ್ನು ಹುಳಿ ಬೆರೆಸಿದ ಬಿಸಿನೀರಿನಲ್ಲಿ ತೊಳೆಯುವ ಕ್ರಮವನ್ನೂ ಹೇಳಿದ. ಈಗ ‘ಆಮಂಡ್ ಫ್ಲೋರ್’ ಎಂಬ ಹೆಸರಿನಲ್ಲಿ ಹೊಸದೆಂಬಂತೆ ಬರುತ್ತಿರುವ ಪೊಟ್ಟಣಕ್ಕೆ ಹೀಗೆ ಸುಮಾರು 160 ವರ್ಷಗಳ ವಯಸ್ಸು.

ದಪ್ಪಗಿದ್ದವರ ಕಥೆ ಇದೇ ಹೊತ್ತಿಗೆ ಬಂದು ಸೇರಿತು. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್ 1863ರಲ್ಲಿ ತನ್ನ ಬೊಜ್ಜು ಕರಗಿದ ಬಗೆಯನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟೆನೆಂಬುದು ಅವನ ಪ್ರಸಿದ್ಧ ಮಾತು. ಆದರೆ ಅವನ ದಿನಚರಿಯಲ್ಲಿಯೂ ಒಂದು ಔನ್ಸು ಒಣ ಟೋಸ್ಟು ತಪ್ಪದೆ ಕಾಣಿಸಿಕೊಳ್ಳುತ್ತದೆ!

ಈ ಚರಿತ್ರೆಯ ಅತ್ಯಂತ ವಿಚಿತ್ರವಾದ ತಿರುವು 20ನೇ ಶತಮಾನದ ಆರಂಭದಲ್ಲಿದೆ. ತೀವ್ರ ಮಧುಮೇಹಿಗಳು ಸಾಯುವ ಮುನ್ನ ಅವರ ಉಸಿರಿನಲ್ಲಿ ಹಣ್ಣಿನಂಥ ವಾಸನೆ ಬರುತ್ತಿದ್ದುದನ್ನು ವೈದ್ಯರು ಗುರುತಿಸಿದ್ದರು. ಅದು ಕೀಟೋನುಗಳ ವಾಸನೆ. ಇನ್ಸುಲಿನ್ ಇಲ್ಲದ ದೇಹದಲ್ಲಿ ಅವು ಮಿತಿಮೀರಿ ಸೇರಿ ರಕ್ತವನ್ನು ಆಮ್ಲೀಯಗೊಳಿಸುತ್ತವೆ. ಇಂದು ಪಥ್ಯದವರು ಪಟ್ಟಿ ಅದ್ದಿ ಸಂಭ್ರಮದಿಂದ ನೋಡುವ ಕೀಟೋನು, ಅಂದಿನ ವಾರ್ಡುಗಳಲ್ಲಿ ಮೃತ್ಯುವಿನ ಮುನ್ಸೂಚನೆ. ಆರೋಗ್ಯವಂತನ ದೇಹ ಅದನ್ನು ಹದ್ದಿನಲ್ಲಿಡುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರ ಮತ್ತು ಕೆಲವು ಬಗೆಯ ಮಧುಮೇಹದ ಮಾತ್ರೆ ನುಂಗುವವರ ವಿಷಯ ಹಾಗಲ್ಲ, ಅವರು ವೈದ್ಯರನ್ನು ಕೇಳದೆ ಈ ದಾರಿಗಿಳಿಯಬಾರದು. ಆಗ ಜರ್ಮನಿಯ ಕಾರ್ಲ್ ಫಾನ್ ನೂರ್ಡೆನ್, ರೂಢಿಗೆ ತೀರ ವಿರುದ್ಧವಾಗಿ, ಇಂಥ ರೋಗಿಗಳಿಗೆ ಕೆಲವು ದಿನ ಬರಿಯ ಓಟ್ಸ್ ಗಂಜಿ, ಬೆಣ್ಣೆ ಕೊಟ್ಟು ನೋಡಿದ. ಕೆಲವರಲ್ಲಿ ಆಮ್ಲತೆ ತಗ್ಗಿತು. ಮೂರು ತಲೆಮಾರು ಓಡಿಸಿದ್ದ ಧಾನ್ಯ ಹಿಂಬಾಗಿಲಿನಿಂದ ಚಿಕಿತ್ಸೆಯಾಗಿಯೇ ಒಳಬಂದಿತ್ತು.

ಬೇಡಿಕೆಯಿದ್ದಲ್ಲಿ ವಂಚನೆಯೂ ಇರುತ್ತದೆ. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದವರು 1910ರ ದಶಕದಲ್ಲಿ ಮಧುಮೇಹಿಗಳಿಗೆಂದೇ ಮಾರುತ್ತಿದ್ದ ಆಹಾರಗಳನ್ನು ತರಿಸಿ ಪರೀಕ್ಷಿಸಿದಾಗ, ‘ಗ್ಲುಟೆನ್ ಹಿಟ್ಟು’ ಎಂಬ ಚೀಟಿ ಹೊತ್ತ ಕೆಲವದರಲ್ಲಿ ಪಿಷ್ಟ ಧಾರಾಳವಾಗಿಯೇ ಇತ್ತು. ನಂಬಿ ತಿಂದವನಿಗೆ ಅದು ವಿಷಕ್ಕೆ ಸಮಾನ. ಇನ್ಸುಲಿನ್ 1922ರಲ್ಲಿ ಟೊರಾಂಟೋದಲ್ಲಿ ಮೊದಲ ಬಾರಿಗೆ ರೋಗಿಯ ದೇಹ ಸೇರಿದ ಮೇಲೆ ಈ ಹಿಟ್ಟುಗಳ ಅಗತ್ಯವೇ ಹಿನ್ನೆಲೆಗೆ ಸರಿಯಿತು. ಅದರ ಹಿಂದಿನ ವರ್ಷ ಮೇಯೊ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗದ ಚಿಕಿತ್ಸೆಗಾಗಿ ‘ಕೀಟೋಜೆನಿಕ್’ ಪಥ್ಯವನ್ನು ಸೂಚಿಸಿದ್ದ. ಹೆಸರು ಬಂದದ್ದು ಅಲ್ಲಿಂದ. ತೂಕ ಇಳಿಸುವವರು ಅದನ್ನು ಎರವಲು ಪಡೆದದ್ದು ಬಹಳ ತಡವಾಗಿ.

ಸೋಯಾದ ಹೆಜ್ಜೆಗುರುತು ಬೇರೆ. 1910ರಲ್ಲಿ ಬಾಲ್ಟಿಮೋರಿನ ಫ್ರೀಡೆನ್‌ವಾಲ್ಡ್ ಮತ್ತು ರೂರಾ ಎಂಬ ವೈದ್ಯರಿಬ್ಬರು ಅದನ್ನು ಮಧುಮೇಹಿಗಳಿಗೆ ಶಿಫಾರಸು ಮಾಡಿದರು. ನಮ್ಮಲ್ಲಿ 1935ರಲ್ಲಿ ಗಾಂಧೀಜಿ ವಾರ್ಧಾದ ಮಗನ್‌ವಾಡಿಯಲ್ಲಿ ಸೋಯಾ ಪ್ರಯೋಗ ನಡೆಸಿ ‘ಹರಿಜನ’ದಲ್ಲಿ ಬರೆದರು. ಅವರಿಗೆ ಬೇಕಿದ್ದುದು ಬಡವನಿಗೆ ಅಗ್ಗದ ಪೋಷಣೆ, ಉಳ್ಳವನ ಪಥ್ಯವಲ್ಲ.

ಈಗ ನಮ್ಮ ಅಡುಗೆಮನೆಗೆ ಬರೋಣ. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು. ಸರಕಾರಿ ಕಚೇರಿಗಳ ಸಭೆಗಳಲ್ಲೂ ಸಮೋಸಾದ ಜಾಗಕ್ಕೆ ರಾಗಿ ಬಿಸ್ಕತ್ತು ಬಂದಿತು. ಅಂದಿನಿಂದ ಸಿರಿಧಾನ್ಯವೆಂದರೆ ಪಿಷ್ಟ ಕಡಿಮೆಯೆಂಬ ನಂಬಿಕೆ ಗಟ್ಟಿಯಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳು ಬೇರೆಯದನ್ನೇ ಹೇಳುತ್ತವೆ: 100 ಗ್ರಾಂನಲ್ಲಿ ಜೋಳಕ್ಕೂ ರಾಗಿಗೂ ಸುಮಾರು 67 ಗ್ರಾಂ ಶರ್ಕರಪಿಷ್ಟ, ಸಜ್ಜೆಗೆ 62, ಗೋಧಿ ಹಿಟ್ಟಿಗೆ 64. ಕಡಲೆಬೇಳೆಯೂ 47ರ ಹತ್ತಿರ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ನೆಲ್ಲನ್ನು ಸೋಲಿಸಿದ ರಾಗಿ ತಾಳಿಕೆಯಿಂದ ಗೆದ್ದಿತು, ಅದರ ಸುಣ್ಣದಂಶ, ನಾರು ಎಲ್ಲವೂ ನಿಜ. ಆದರೆ ಕೀಟೋದ ತಕ್ಕಡಿಯಲ್ಲಿ ನೆಲ್ಲೂ ರಾಗಿಯೂ ಒಂದೇ ತಟ್ಟೆಯವು. ರಾಗಿ ರೊಟ್ಟಿಯನ್ನು ‘ಕೀಟೋ’ ಎಂದು ಕರೆಯುವ ಜಾಹೀರಾತು ಆ ಹಳೆಯ ಗ್ಲುಟೆನ್ ಚೀಟಿಗಳ ವಂಶದ್ದೇ.

ಹಾಗಾದರೆ ಉಳಿಯುವುದೇನು? ಬಾದಾಮಿ, ಕೊಬ್ಬರಿ, ಸೋಯಾ, ಎಳ್ಳು, ಅಗಸೆ. ಇವುಗಳ ತೊಡಕೆಲ್ಲ ಇರುವುದು ಅಂಟಿನಲ್ಲಿ. ಗೋಧಿ ಗ್ಲುಟೆನ್ನಿನ ಬಲದಿಂದ ಲಟ್ಟಣಿಗೆಗೆ ಒಗ್ಗುತ್ತದೆ. ಜೋಳಕ್ಕೆ ಗ್ಲುಟೆನ್ ಇಲ್ಲ. ಕುದಿನೀರು ಹೊಯ್ದು ಪಿಷ್ಟವನ್ನು ಅರೆಬೇಯಿಸಿ ಬಂಧ ತರಿಸುತ್ತೇವೆ. ಬಾದಾಮಿ ಪುಡಿಯಲ್ಲಿ ಅದೂ ಇಲ್ಲ, ಇದೂ ಇಲ್ಲ. ಅದಕ್ಕಾಗಿಯೇ ಇಸಬ್‌ಗೋಲ್ ಬೇಕಾಗುತ್ತದೆ. ಗುಜರಾತಿನಲ್ಲಿ ಹೇರಳವಾಗಿ ಬೆಳೆದು, ಊಂಝಾದ ಮಾರುಕಟ್ಟೆಯಿಂದ ಹೊರದೇಶಗಳಿಗೆ ಹೋಗುವ, ನಮ್ಮ ಹಿರಿಯರು ಮಲಬದ್ಧತೆಗೆಂದು ಮಾತ್ರ ಬಲ್ಲ ಆ ಸಿಪ್ಪೆ ನೀರು ಹೀರಿ ಲೋಳೆಯಾಗಿ ಗ್ಲುಟೆನ್ನಿನ ಕೆಲಸ ಮಾಡುತ್ತದೆ. ಅಗಸೆಗೆ ಲೋಳೆ ಸ್ವಂತದ್ದೇ. ಅದರ ಶರ್ಕರಪಿಷ್ಟದಲ್ಲಿ ಬಹುಪಾಲು ನಾರು. ಉತ್ತರ ಕರ್ನಾಟಕದ ತಾಟಿನಲ್ಲಿ ಜೋಳದ ರೊಟ್ಟಿಯ ಮಗ್ಗುಲಲ್ಲಿ ಅಗಸಿ ಹಿಂಡಿಯಾಗಿ ಕೂರುತ್ತಿದ್ದ ಕಾಳು ಹೀಗೆ ರೊಟ್ಟಿಯ ಸ್ಥಾನಕ್ಕೇ ಬಂದಿದೆ. ಬಿಸಿನೀರಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಎರಡು ಹಾಳೆಗಳ ನಡುವೆ ಒತ್ತಬೇಕು. ಬಡಿಯಲು ಬರುವುದಿಲ್ಲ, ಉಬ್ಬುವುದೂ ಇಲ್ಲ. ತಳ ಗಟ್ಟಿಯಾಗುವ ಮುನ್ನ ಮಗುಚಿದರೆ ಒಡೆಯುತ್ತದೆ. ಬಣ್ಣ ಕಂದು, ರುಚಿ ಎಣ್ಣೆಗಾಳಿನದು. ಪಲ್ಯ ಹಿಡಿದು ಬಾಯಿಗೆ ಮುಟ್ಟಿಸುವ ಕೆಲಸವನ್ನಂತೂ ಮಾಡುತ್ತದೆ.

ಬಾದಾಮಿ ರೊಟ್ಟಿ ಇದಕ್ಕಿಂತ ಮೃದು, ನೋಡಲೂ ಚೆಂದ. ಆದರೆ ಬಹುಪಾಲು ಬಾದಾಮಿ ಕ್ಯಾಲಿಫೋರ್ನಿಯದಿಂದ ಬರಬೇಕು. ಅದರ ಹಿಟ್ಟಿನ ಬೆಲೆ ಜೋಳದ ಹಿಟ್ಟಿನ ಎಷ್ಟೋ ಪಟ್ಟು. ಹಾಗಾಗಿ ಹೆಚ್ಚಿನ ಮನೆಗಳಲ್ಲಿ ಅದು ಒಬ್ಬರ ತಟ್ಟೆಗೆ ಮಾತ್ರ. ಉಳಿದವರಿಗೆ ಗೋಧಿಯ ಚಪಾತಿಯೇ. ಒಂದೇ ಒಲೆಯ ಬಳಿ ಎರಡು ಕಣಕಗಳು ಸಿದ್ಧವಾಗುತ್ತವೆ. ಅವೆರಡನ್ನೂ ನಾದುವ ಕೈಗಳು ಸಾಮಾನ್ಯವಾಗಿ ಪಥ್ಯ ಮಾಡುವವರವಲ್ಲ.