ಗರದ ಲೆಕ್ಕ: ವಿವಿಕ್ತ ಯಾದೃಚ್ಛಿಕ ಚಲಕದ ಚರಿತ್ರೆ

ದಾಳ ಎಸೆದಾಗ ಬೀಳುವ ಸಂಖ್ಯೆ, ಒಂದು ರಸ್ತೆಯಲ್ಲಿ ಒಂದು ವರ್ಷಕ್ಕೆ ಆಗುವ ಅಪಘಾತಗಳು, ನೂರು ಬೀಜ ಬಿತ್ತಿದರೆ ಮೊಳೆಯುವ ಬೀಜಗಳು ಇವೆಲ್ಲ ಮುಂಚಿತವಾಗಿ ಹೇಳಲಾಗದ, ಆದರೆ ಒಂದೊಂದಾಗಿ ಎಣಿಸಬಹುದಾದ ಪ್ರಮಾಣಗಳು. ಸಂಭವನೀಯತಾ ಗಣಿತದಲ್ಲಿ ಇಂಥ ಪ್ರಮಾಣಕ್ಕೆ ವಿವಿಕ್ತ ಯಾದೃಚ್ಛಿಕ ಚಲಕ ಎಂದು ಹೆಸರು. ಅದು ತಾಳಬಹುದಾದ ಬೆಲೆಗಳು ಯಾವುವು, ಪ್ರತಿಯೊಂದು ಬೆಲೆಯ ಸಂಭವನೀಯತೆ ಎಷ್ಟು ಎಂಬ ಪಟ್ಟಿಯೇ ಅದರ ವಿತರಣೆ. ಇಂದಿನ ಪಠ್ಯಪುಸ್ತಕಗಳು ಮೊದಲು ಸಂಭವನೀಯತೆ, ಆಮೇಲೆ ಚಲಕ, ಕೊನೆಗೆ ಅದರ ನಿರೀಕ್ಷಿತ ಮೌಲ್ಯ ಎಂಬ ಕ್ರಮದಲ್ಲಿ ಪಾಠ ಹೇಳುತ್ತವೆ. ಚರಿತ್ರೆಯಲ್ಲಿ ನಡೆದದ್ದು ತಿರುವುಮುರುವು. ಜೂಜಿನ ಪಣಕ್ಕೆ ಬೆಲೆ ಕಟ್ಟುವ ಲೆಕ್ಕ, ಅಂದರೆ ನಿರೀಕ್ಷಿತ ಮೌಲ್ಯ, 1654ರಲ್ಲೇ ಕೈಗೆ ಬಂತು. ಸಂಭವನೀಯತೆಯನ್ನೇ ಒಂದು ಅಳತೆಯೆಂದು ವಿವರಿಸಿದ ದೊಡ್ಡ ಗ್ರಂಥ ಅಚ್ಚಾದದ್ದು 1713ರಲ್ಲಿ. ಚಲಕಕ್ಕೆ ಖಚಿತ ವ್ಯಾಖ್ಯೆ ಸಿಕ್ಕಿದ್ದು 1933ರಲ್ಲಿ.

ಎಣಿಕೆಗೆ ಮುಂಚಿನ ಆಟ

ಆರು ಮುಖದ ದಾಳ ರೂಢಿಗೆ ಬರುವ ಮುನ್ನವೇ ಕುರಿ, ಆಡುಗಳ ಹಿಂಗಾಲಿನ ಗಿಣ್ಣಿನ ಮೂಳೆ ಆಟದ ಸಾಧನವಾಗಿತ್ತು. ಗ್ರೀಕರೂ ರೋಮನ್ನರೂ ಇದನ್ನು ಬಹುಕಾಲ ಆಡಿದರು. ಮೂಳೆ ನಾಲ್ಕು ಮಗ್ಗುಲಲ್ಲಿ ಮಾತ್ರ ನಿಲ್ಲುತ್ತದೆ. ಅಗಲವಾದ ಎರಡು ಮಗ್ಗುಲುಗಳಿಗೆ 3 ಮತ್ತು 4, ಕಿರಿದಾದ ಎರಡಕ್ಕೆ 1 ಮತ್ತು 6 ಎಂದು ಬೆಲೆ. ಅಗಲದ ಮಗ್ಗುಲು ಒಂದೊಂದೂ ಹತ್ತು ಎಸೆತಕ್ಕೆ ಸುಮಾರು ನಾಲ್ಕು ಸಲ, ಕಿರಿದಾದದ್ದು ಒಂದೊಂದೂ ಸುಮಾರು ಒಂದು ಸಲ ಬೀಳುತ್ತದೆ. ನಾಲ್ಕು ಮೂಳೆಗಳನ್ನು ಒಟ್ಟಿಗೆ ಎಸೆದು ನಾಲ್ಕರಲ್ಲೂ ಬೇರೆ ಬೇರೆ ಮಗ್ಗುಲು ಬಿದ್ದರೆ ರೋಮನ್ನರಿಗೆ ಅದು ‘ವೀನಸ್’, ಎಲ್ಲಕ್ಕಿಂತ ಮೇಲಾದ ಗರ. ಈ ಅಂದಾಜಿನ ಮೇಲೆ ಲೆಕ್ಕ ಹಾಕಿದರೆ ಅದು ನೂರಕ್ಕೆ ನಾಲ್ಕು ಸಲದ ಹತ್ತಿರ ಬರುತ್ತದೆ. ನಾಲ್ಕೂ ಆರು ಬೀಳುವುದಾದರೋ ಹತ್ತು ಸಾವಿರಕ್ಕೆ ಒಂದು ಸಲ. ಗರದ ಬೆಲೆಗೂ ಅದು ಎಷ್ಟು ಅಪರೂಪ ಎಂಬುದಕ್ಕೂ ಇನ್ನೂ ನಂಟು ಬೆಳೆದಿರಲಿಲ್ಲ.

ಭಾರತ ಉಪಖಂಡದಲ್ಲಿ ಹರಪ್ಪ, ಮೊಹೆಂಜೊದಾರೊಗಳಲ್ಲಿ ಚೌಕ ದಾಳಗಳು ದೊರೆತಿವೆ. ಋಗ್ವೇದದ ಹತ್ತನೆಯ ಮಂಡಲದ ಜೂಜುಗಾರನ ಸೂಕ್ತದಲ್ಲಿ ಬರುವುದು ವಿಭೀತಕದ, ಎಂದರೆ ತಾರೆಯ ಕಾಯಿಗಳ ಆಟ. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ಅಂಥದೇ ಮರದ ಎಲೆ, ಕಾಯಿಗಳ ಸಂಖ್ಯೆಯನ್ನು ನೋಡಿದೊಡನೆ ಹೇಳುತ್ತಾನೆ. ದಾಳದ ವಿದ್ಯೆಯನ್ನೂ ಎಣಿಕೆಯ ವಿದ್ಯೆಯನ್ನೂ ಬಲ್ಲೆನೆಂದು ನಳನಿಗೆ ತಿಳಿಸುತ್ತಾನೆ. ಎಣಿಕೆಯೂ ಜೂಜೂ ಒಂದೇ ಕಥೆಯಲ್ಲಿ ಕೂಡಿದ್ದರೂ ಅದರಿಂದ ಸಂಭವನೀಯತೆಯ ಗಣಿತ ಬೆಳೆಯಲಿಲ್ಲ.

ದಾರಿಗಳ ಎಣಿಕೆ

ಆ ಗಣಿತಕ್ಕೆ ಬೇಕಾದ ಒಂದು ಮುಖ್ಯ ಸಲಕರಣೆ ಮಾತ್ರ ಭಾರತದಲ್ಲಿ ಬೇಗನೆ ಸಿದ್ಧವಾಯಿತು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಹಲವು ವಸ್ತುಗಳಲ್ಲಿ ಕೆಲವನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಅದರಲ್ಲಿ ಸಾಮಾನ್ಯ ಸೂತ್ರವಿದೆ: ವಸ್ತುಗಳ ಸಂಖ್ಯೆಯಿಂದ ಒಂದೊಂದು ಇಳಿಯುತ್ತಾ ಗುಣಿಸಿ, ಒಂದರಿಂದ ಏರುತ್ತಾ ಗುಣಿಸಿದ ಗುಣಲಬ್ಧದಿಂದ ಭಾಗಿಸಬೇಕು. ನಾಲ್ಕರಲ್ಲಿ ಎರಡನ್ನು ಆರಿಸಲು 4×3ನ್ನು 1×2ರಿಂದ ಭಾಗಿಸಿದರೆ ಆರು ಬಗೆ. ಮಹಾವೀರ ಇದನ್ನು ಜೂಜಿಗೆ ಅನ್ವಯಿಸಲಿಲ್ಲ.

ಯುರೋಪಿನಲ್ಲಿ ದಾಳಗಳನ್ನೇ ಎಣಿಸುವ ಕೆಲಸ ಮಧ್ಯಯುಗದಲ್ಲಿ ಶುರುವಾಯಿತು. ಮೂರು ದಾಳಗಳಿಂದ ಬರಬಹುದಾದ ಸಂಯೋಜನೆಗಳು 56 ಎಂಬುದು 10ನೆಯ ಶತಮಾನಕ್ಕಾಗಲೇ ಗೊತ್ತಿತ್ತು. 13ನೆಯ ಶತಮಾನದ ‘ಡಿ ವೆಟುಲಾ’ ಎಂಬ ಲ್ಯಾಟಿನ್ ಕಾವ್ಯ ಮುಂದಿನ ಹೆಜ್ಜೆ ಇಟ್ಟಿತು. ಯಾವ ದಾಳದಲ್ಲಿ ಯಾವ ಅಂಕೆ ಎಂದು ವಿಂಗಡಿಸಿ ನೋಡಿದರೆ 216 ದಾರಿಗಳಿವೆ, ಗರದ ಬಲ ನಿಲ್ಲುವುದು ಈ ಎಣಿಕೆಯ ಮೇಲೆ ಎಂದು ಅದು ತೋರಿಸಿತು. 1, 2, 3 ಎಂಬ ಸಂಯೋಜನೆ ಆರು ದಾರಿಗಳಲ್ಲಿ ಬೀಳುತ್ತದೆ. 3, 3, 3 ಬೀಳಲು ಒಂದೇ ದಾರಿ. ಇಟಲಿಯ ವೈದ್ಯ, ಸ್ವತಃ ಜೂಜಿನ ಚಟವಿದ್ದ ಜಿರೊಲಾಮೊ ಕಾರ್ಡಾನೊ (1501–1576) ಇಂಥ ಎಣಿಕೆಗಳ ಮೇಲೆ ಒಂದು ಪುಸ್ತಕವನ್ನೇ ಬರೆದ. ಅದು ಅಚ್ಚಾದದ್ದು 1663ರಲ್ಲಿ. ಅಷ್ಟು ಹೊತ್ತಿಗೆ ಬೇರೆಯವರು ಅವನನ್ನು ದಾಟಿ ಹೋಗಿದ್ದರು.

17ನೆಯ ಶತಮಾನದ ಆರಂಭದಲ್ಲಿ ಗೆಲಿಲಿಯೊ ಮುಂದೆ ಒಂದು ಪ್ರಶ್ನೆ ಬಂತು. ಮೂರು ದಾಳಗಳ ಮೊತ್ತ 9 ಆಗಲು ಆರು ಸಂಯೋಜನೆ, 10 ಆಗಲೂ ಆರು. ಆದರೂ 10 ತುಸು ಹೆಚ್ಚು ಸಲ ಬೀಳುತ್ತದೆ ಎಂದು ಪಳಗಿದ ಆಟಗಾರರು ಕಂಡುಕೊಂಡಿದ್ದರು. ಗೆಲಿಲಿಯೊ ದಾರಿಗಳನ್ನು ಎಣಿಸಿ 9ಕ್ಕೆ 25, 10ಕ್ಕೆ 27 ಎಂದು ತೋರಿಸಿದ. ವ್ಯತ್ಯಾಸ 216ರಲ್ಲಿ ಎರಡೇ. ಮೊತ್ತ 3ರಿಂದ 10ರವರೆಗೆ ಅವನಿಗೆ ಸಿಕ್ಕ ಎಣಿಕೆಗಳು 1, 3, 6, 10, 15, 21, 25, 27. 11ರಿಂದ 18ರವರೆಗೆ ಇವೇ ಹಿಮ್ಮುಖವಾಗಿ ಬರುತ್ತವೆ. ಪ್ರತಿಯೊಂದನ್ನೂ 216ರಿಂದ ಭಾಗಿಸಿದರೆ ‘ಮೂರು ದಾಳಗಳ ಮೊತ್ತ’ ಎಂಬ ಚಲಕದ ಪೂರ್ಣ ವಿತರಣೆ ಸಿದ್ಧ.

ಪಣದ ಬೆಲೆ

ಮುಂದಿನ ತಿರುವಿಗೆ ಕಾರಣವಾದದ್ದು ಹಣ ಹಂಚುವ ತಕರಾರು. ಇಬ್ಬರು ಸಮಬಲದ ಆಟಗಾರರು ಸಮನಾಗಿ ಪಣ ಕಟ್ಟಿ, ಇಷ್ಟು ಆಟ ಮೊದಲು ಗೆದ್ದವನಿಗೆ ಎಲ್ಲವೂ ಎಂದು ಒಪ್ಪಿ ಆಡುತ್ತಿರುವಾಗ ಆಟ ನಡುವೆಯೇ ನಿಂತರೆ ಹಣ ಹೇಗೆ ಹಂಚಬೇಕು? ಲೂಕಾ ಪಾಚಿಯೋಲಿ 1494ರ ತನ್ನ ಪುಸ್ತಕದಲ್ಲಿ, ಅದುವರೆಗೆ ಗೆದ್ದ ಆಟಗಳ ಅನುಪಾತದಲ್ಲಿ ಹಂಚಬೇಕೆಂದಿದ್ದ. 1654ರಲ್ಲಿ ಬ್ಲೇಸ್ ಪ್ಯಾಸ್ಕಲ್ ಮತ್ತು ಪಿಯರ್ ದ ಫರ್ಮಾ ಪತ್ರಗಳ ಮೂಲಕ ಇದನ್ನು ಚರ್ಚಿಸಿ, ಲೆಕ್ಕಕ್ಕೆ ಬರಬೇಕಾದದ್ದು ಕಳೆದ ಆಟಗಳಲ್ಲ, ಉಳಿದ ಆಟಗಳು ಎಂದು ಕಂಡುಕೊಂಡರು.

ಪ್ಯಾಸ್ಕಲ್ ಕೊಟ್ಟ ಉದಾಹರಣೆಯಲ್ಲಿ ಒಬ್ಬೊಬ್ಬರ ಪಣ 32 ಪಿಸ್ತೋಲ್ ನಾಣ್ಯ. ಮೂರು ಆಟ ಗೆದ್ದವನಿಗೆ ಒಟ್ಟು 64. ಮೊದಲನೆಯವನು ಎರಡು, ಎರಡನೆಯವನು ಒಂದು ಆಟ ಗೆದ್ದಿರುವಾಗ ಆಟ ನಿಲ್ಲುತ್ತದೆ. ಇನ್ನೊಂದು ಆಟ ನಡೆದಿದ್ದರೆ? ಮೊದಲನೆಯವನು ಗೆದ್ದರೆ ಎಲ್ಲ 64 ಅವನದೇ. ಸೋತರೆ ಇಬ್ಬರೂ ಎರಡೆರಡು ಗೆದ್ದಂತಾಗಿ ತಲಾ 32. ಅಂದರೆ ಗೆದ್ದರೂ ಸೋತರೂ 32 ಅವನಿಗೆ ಖಾತ್ರಿ. ಉಳಿದ 32ಕ್ಕೆ ಇಬ್ಬರಿಗೂ ಸಮ ಅವಕಾಶ, ಆದ್ದರಿಂದ ಅದರಲ್ಲಿ ಅರ್ಧ. ಅವನ ಪಾಲು 48, ಎದುರಾಳಿಯದು 16. ಪಾಚಿಯೋಲಿಯ ನಿಯಮದಂತೆ ಅವನಿಗೆ 43ಕ್ಕಿಂತ ಕಡಿಮೆ ಸಿಗುತ್ತಿತ್ತು. ಇಂದಿನ ಮಾತಿನಲ್ಲಿ ಇಲ್ಲಿರುವ ಚಲಕ ತಾಳುವ ಬೆಲೆಗಳು 64 ಮತ್ತು 32, ಎರಡರ ಸಂಭವನೀಯತೆಯೂ ಅರ್ಧ. 48 ಅದರ ನಿರೀಕ್ಷಿತ ಮೌಲ್ಯ. ಪ್ಯಾಸ್ಕಲ್ ಮಾತ್ರ ನ್ಯಾಯವಾದ ಪಾಲು ಎಷ್ಟೆಂದು ನೋಡಿದನೇ ಹೊರತು ಸಂಭವನೀಯತೆ ಎಂಬ ಪ್ರಮಾಣವನ್ನು ಬಳಸಲಿಲ್ಲ.

ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1655ರಲ್ಲಿ ಪ್ಯಾರಿಸ್‌ನಲ್ಲಿ ಈ ಸಮಸ್ಯೆಯ ಸುದ್ದಿ ಕೇಳಿ, ತಾನೇ ಬಿಡಿಸಿ, 1657ರಲ್ಲಿ ಜೂಜಿನ ಲೆಕ್ಕದ ಕಿರುಗ್ರಂಥ ಪ್ರಕಟಿಸಿದ. ಅದರ 14 ಪ್ರಮೇಯಗಳಲ್ಲಿ ಮೂರನೆಯದು ಹೇಳುವುದು ಇಷ್ಟು: a ಮೊತ್ತ ಸಿಗಲು p ಅವಕಾಶ, b ಮೊತ್ತ ಸಿಗಲು q ಅವಕಾಶ ಇದ್ದರೆ, ಆ ಸ್ಥಿತಿಯ ಬೆಲೆ pa+qbಯನ್ನು p+qಯಿಂದ ಭಾಗಿಸಿದಷ್ಟು. ಈ ಸೂತ್ರ ಜೂಜಿನ ಮೇಜಿನಲ್ಲೇ ಉಳಿಯಲಿಲ್ಲ. 1671ರಲ್ಲಿ ಹಾಲೆಂಡಿನ ಆಡಳಿತ ನಡೆಸುತ್ತಿದ್ದ ಯೋಹಾನ್ ಡಿ ವಿಟ್, ಸರ್ಕಾರ ಮಾರುತ್ತಿದ್ದ ಜೀವಾವಧಿ ವರ್ಷಾಶನಗಳಿಗೆ ತಕ್ಕ ಬೆಲೆ ಯಾವುದೆಂದು ಇದೇ ದಾರಿಯಲ್ಲಿ ಲೆಕ್ಕ ಹಾಕಿದ. ಈಗ ಚಲಕ ಮನುಷ್ಯ ಬದುಕುವ ಅವಧಿ.

ಎಣಿಕೆಯಿಂದ ಪ್ರಯೋಗಕ್ಕೆ

ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ 1705ರಲ್ಲಿ ತೀರಿಕೊಂಡ. ಅವನ ‘ಆರ್ಸ್ ಕಾಂಜೆಕ್ಟಾಂಡಿ’ 1713ರಲ್ಲಿ ಬಾಸೆಲ್‌ನಲ್ಲಿ ಪ್ರಕಟವಾಯಿತು. ಸಂಭವನೀಯತೆ ಎಂದರೆ ನಿಶ್ಚಿತತೆಯ ಒಂದು ಅಂಶ ಎಂಬ ವಿವರಣೆ ಅದರಲ್ಲಿದೆ. ಗೆಲುವು ಅಥವಾ ಸೋಲು ಎಂಬ ಎರಡೇ ಫಲವಿರುವ ಪ್ರಯೋಗವನ್ನು ಹಲವು ಸಲ ಮಾಡಿದಾಗ ಗೆಲುವುಗಳು ಎಷ್ಟಾಗಬಹುದು ಎಂಬ ದ್ವಿಪದ ವಿತರಣೆಯೂ ಇದೆ.

ಕರ್ನಾಟಕದ ಮನೆಗಳಲ್ಲಿ ಆಡುವ ಚೌಕಾಬಾರ ಈ ವಿತರಣೆಗೆ ಸೊಗಸಾದ ನಿದರ್ಶನ. ನಾಲ್ಕು ಕವಡೆಗಳನ್ನು, ಇಲ್ಲವೇ ಒಂದು ಬದಿ ಉಜ್ಜಿದ ಹುಣಸೆ ಬೀಜಗಳನ್ನು, ಎಸೆದು ಅಂಗಾತ ಬಿದ್ದವನ್ನು ಎಣಿಸುತ್ತಾರೆ. ಪ್ರತಿ ಕವಡೆಯೂ ಅಂಗಾತವಾಗಿಯೋ ಬೋರಲಾಗಿಯೋ ಬೀಳಲು ಸಮ ಅವಕಾಶವಿದೆ ಎಂದುಕೊಂಡರೆ ಒಟ್ಟು 16 ದಾರಿಗಳು. ಸೊನ್ನೆಯಿಂದ ನಾಲ್ಕರವರೆಗೆ ಅಂಗಾತ ಬೀಳುವ ದಾರಿಗಳು ಕ್ರಮವಾಗಿ 1, 4, 6, 4, 1. ನಡುವಿನ ಆರು ಮಹಾವೀರನ ಸೂತ್ರ ಕೊಟ್ಟ ಆರೇ. ಅಂಗಾತ ಬಿದ್ದವುಗಳ ಸಂಖ್ಯೆಯ ನಿರೀಕ್ಷಿತ ಮೌಲ್ಯ 2. ಆದರೆ ಕಾಯಿ ನಡೆಯುವುದು ಆ ಸಂಖ್ಯೆಯಂತೆ ಅಲ್ಲ, ಗರದಂತೆ. ನಾಲ್ಕೂ ಬೋರಲು ಬಿದ್ದರೆ ಗರ ಸೊನ್ನೆಯಲ್ಲ, ಎಂಟು. ಈ ಒಂದು ನಿಯಮದಿಂದ ಗರದ ನಿರೀಕ್ಷಿತ ಮೌಲ್ಯ 40ನ್ನು 16ರಿಂದ ಭಾಗಿಸಿದಷ್ಟು, ಅಂದರೆ 2.5 ಆಗುತ್ತದೆ. ಸರಾಸರಿಯಿಂದ ಬೆಲೆಗಳು ಎಷ್ಟು ಚದುರಿವೆ ಎಂದು ಅಳೆಯುವ ವ್ಯತ್ಯಯವೂ 1ರಿಂದ 2.75ಕ್ಕೆ ಏರುತ್ತದೆ. ಎಸೆತ ಒಂದೇ ಆದರೂ ಅದರ ಮೇಲೆ ನಿಂತ ಚಲಕಗಳು ಎರಡು.

ನಿಜವಾದ ಕವಡೆಗೆ ಸಮ ಅವಕಾಶ ಇರಲೇಬೇಕೆಂದಿಲ್ಲ. ಅದರ ಆಕಾರವೇ ಒಂದು ಬದಿಗೆ ವಾಲಿಸಬಹುದು. ದಾರಿ ಎಣಿಸಿ ತಿಳಿಯಲಾಗದ ಇಂಥ ಸಂಭವನೀಯತೆಯನ್ನು ಮತ್ತೆ ಮತ್ತೆ ಎಸೆದೇ ತಿಳಿಯಬೇಕು. ಎಷ್ಟು ಎಸೆದರೆ ಎಷ್ಟು ನೆಚ್ಚಬಹುದು ಎಂಬುದಕ್ಕೆ ಬರ್ನೂಲಿ ಸಾಧಿಸಿದ ದೊಡ್ಡ ಸಂಖ್ಯೆಗಳ ನಿಯಮ ಉತ್ತರ. ಬಿಳಿ ಮತ್ತು ಕಪ್ಪು ಹರಳುಗಳು 3:2ರಂತೆ ಇರುವ ಪಾತ್ರೆಯಿಂದ, ತೆಗೆದದ್ದನ್ನು ಮರಳಿ ಹಾಕುತ್ತಾ ಒಂದೊಂದೇ ಹರಳು ತೆಗೆದರೆ, ಬಿಳಿಯ ಪಾಲು 29/50 ಮತ್ತು 31/50ರ ನಡುವೆ ಇರುವುದಕ್ಕೆ 1000ಕ್ಕೆ 1ರಂತೆ ಬಾಜಿ ಕಟ್ಟಲು 25,550 ಸಲ ತೆಗೆದರೆ ಸಾಕು ಎಂದು ಅವನು ಲೆಕ್ಕ ಕೊಟ್ಟ.

ನಿರೀಕ್ಷಿತ ಮೌಲ್ಯದ ಮಿತಿಯೂ ಅದೇ 1713ರಲ್ಲಿ ಬಯಲಾಯಿತು. ಯಾಕೋಬ್‌ನ ತಮ್ಮನ ಮಗ ನಿಕೊಲಾಸ್ ಬರ್ನೂಲಿ ಎತ್ತಿದ ಸಮಸ್ಯೆ ನಾಣ್ಯದ ಆಟದ ರೂಪದಲ್ಲಿ ಹೀಗಿದೆ: ತಲೆ ಮೊದಲ ಚಿಮ್ಮಿಗೆ ಬಿದ್ದರೆ ಒಂದು ಕಾಸು, ಎರಡನೆಯದಕ್ಕೆ ಬಿದ್ದರೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಯಾಗುತ್ತಾ ಹೋಗುವ ಬಹುಮಾನ. ಪ್ರತಿ ಹಂತವೂ ಅರ್ಧ ಕಾಸನ್ನು ಕೂಡಿಸುವುದರಿಂದ ನಿರೀಕ್ಷಿತ ಮೌಲ್ಯ ಅನಂತ. ಆದರೂ ಈ ಆಟಕ್ಕೆ ದೊಡ್ಡ ಮೊತ್ತ ತೆರಲು ಯಾರೂ ಮುಂದೆ ಬರುವುದಿಲ್ಲ. 1738ರಲ್ಲಿ ಡೇನಿಯಲ್ ಬರ್ನೂಲಿ ಹಣದ ಮೊತ್ತದ ಬದಲು ಅದರಿಂದ ಆಗುವ ಪ್ರಯೋಜನದ ಸರಾಸರಿ ತೆಗೆಯಬೇಕೆಂದು ವಾದಿಸಿದ.

ಅಪರೂಪದ ಘಟನೆಗಳು

ಪ್ರಯೋಗಗಳ ಸಂಖ್ಯೆ ಬಹಳ ದೊಡ್ಡದಾಗಿ, ಪ್ರತಿ ಸಲದ ಸಂಭವನೀಯತೆ ಬಹಳ ಚಿಕ್ಕದಾದಾಗ ದ್ವಿಪದ ವಿತರಣೆ ಯಾವ ರೂಪ ತಾಳುತ್ತದೆ ಎಂಬುದನ್ನು ಫ್ರಾನ್ಸಿನ ಸಿಮೆಯೋನ್ ಡೆನಿ ಪ್ವಾಸೋನ್ ನ್ಯಾಯಾಲಯದ ತೀರ್ಪುಗಳ ಕುರಿತ 1837ರ ಗ್ರಂಥದಲ್ಲಿ ತೋರಿಸಿದ. ಆ ವಿತರಣೆಗೆ ಸರಾಸರಿ ಒಂದು ಗೊತ್ತಿದ್ದರೆ ಸಾಕು.

ಅದರ ಬಲವನ್ನು 1898ರಲ್ಲಿ ಜನರಿಗೆ ಮನದಟ್ಟು ಮಾಡಿದವನು ಲಾಡಿಸ್ಲಾಸ್ ಬೋರ್ಟ್‌ಕಿವಿಚ್. ಕುದುರೆ ಒದ್ದು ಸತ್ತ ಪ್ರಷ್ಯದ ಸೈನಿಕರ ದಾಖಲೆಗಳನ್ನು ಅವನು ಆರಿಸಿಕೊಂಡ. ಹತ್ತು ಸೇನಾದಳಗಳು, 20 ವರ್ಷ. ಅಂದರೆ 200 ದಳವರ್ಷಗಳಲ್ಲಿ 122 ಸಾವು, ಸರಾಸರಿ 0.61. ಒಂದೂ ಸಾವಿಲ್ಲದ ದಳವರ್ಷಗಳು 109, ಒಂದು ಸಾವಿನವು 65, ಎರಡರವು 22, ಮೂರರವು 3, ನಾಲ್ಕರದು 1. ಪ್ವಾಸೋನ್ ಸೂತ್ರ ಕೊಡುವ ಸಂಖ್ಯೆಗಳು ಕ್ರಮವಾಗಿ 108.7, 66.3, 20.2, 4.1, 0.6. ಯಾವ ಸೈನಿಕನಿಗೆ ಎಂದು ಒದೆ ಬೀಳುತ್ತದೆಂದು ಹೇಳಲಾಗದಿದ್ದರೂ ಒಟ್ಟು ಎಣಿಕೆ ಮಾತ್ರ ನಿಯಮಕ್ಕೆ ಒಳಪಟ್ಟಿತ್ತು.

ವ್ಯಾಖ್ಯೆ

ಚಲಕವನ್ನು ಆಟದಿಂದಲೂ ದಾಖಲೆಯಿಂದಲೂ ಬಿಡಿಸಿ, ಅದನ್ನೇ ಅಧ್ಯಯನದ ವಸ್ತುವಾಗಿಸಿದ್ದು ರಷ್ಯದ ಗಣಿತಜ್ಞರು. ಪಾಫ್ನುಟಿ ಚೆಬಿಷೆವ್ 1867ರಲ್ಲಿ ಸರಾಸರಿಗಳ ಕುರಿತ ಲೇಖನದಲ್ಲಿ ಸಾಧಿಸಿದ ಅಸಮತೆ ವ್ಯತ್ಯಯ ಸೀಮಿತವಾದ ಯಾವ ವಿತರಣೆಗಾದರೂ ಅನ್ವಯಿಸುತ್ತದೆ: ಸರಾಸರಿಯಿಂದ, ವ್ಯತ್ಯಯದ ವರ್ಗಮೂಲವಾದ ಮಾನಕ ವಿಚಲನೆಯ ಎರಡು ಪಟ್ಟಿಗಿಂತ ಆಚೆ ಬೆಲೆ ಬೀಳುವ ಸಂಭವನೀಯತೆ ಕಾಲು ಭಾಗವನ್ನು ಮೀರದು. ಇದರಿಂದ ದೊಡ್ಡ ಸಂಖ್ಯೆಗಳ ನಿಯಮ ಕೆಲವೇ ಸಾಲುಗಳಲ್ಲಿ ಸಿದ್ಧಿಸುತ್ತದೆ.

ಆಂದ್ರೇ ಕೊಲ್ಮೊಗೊರೊವ್ 1933ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕದಲ್ಲಿ ಸಂಭವನೀಯತೆಯನ್ನು ಕೆಲವು ಮೂಲಸೂತ್ರಗಳ ಮೇಲೆ ಕಟ್ಟಿದ. ಅದರಂತೆ ಯಾದೃಚ್ಛಿಕ ಚಲಕ ಒಂದು ಉತ್ಪನ್ನ: ಸಾಧ್ಯವಾದ ಪ್ರತಿ ಫಲಕ್ಕೂ ಒಂದು ಸಂಖ್ಯೆಯನ್ನು ಜೋಡಿಸುವ ನಿಯಮ. ಯಾದೃಚ್ಛಿಕತೆ ಇರುವುದು ಯಾವ ಫಲ ಒದಗುತ್ತದೆ ಎಂಬುದರಲ್ಲಿ. ಜೋಡಿಸುವ ನಿಯಮ ಖಚಿತ. ಕವಡೆಗಳ 16 ಫಲಗಳ ಮೇಲೆ ಅಂಗಾತಗಳ ಎಣಿಕೆ ಒಂದು ಉತ್ಪನ್ನ, ಗರ ಇನ್ನೊಂದು. ಚಲಕ ತಾಳುವ ಬೆಲೆಗಳನ್ನು ಒಂದಾದ ಮೇಲೊಂದು ಪಟ್ಟಿ ಮಾಡಲು ಬಂದರೆ, ಪಟ್ಟಿ ಕೊನೆಯಿಲ್ಲದ್ದಾದರೂ, ಅದು ವಿವಿಕ್ತ. ಅದರ ನಿರೀಕ್ಷಿತ ಮೌಲ್ಯ ಕೂಡಿಸಿ ಸಿಗುತ್ತದೆ. ಎತ್ತರ, ತೂಕ, ಕಾಲದಂತೆ ಬೆಲೆಗಳು ಎಡೆಬಿಡದೆ ಹರಡಿಕೊಂಡಿದ್ದರೆ ಅದು ಅವಿಚ್ಛಿನ್ನ. ಅಲ್ಲಿ ಕೂಡಿಸುವ ಕೆಲಸವನ್ನು ಅನುಕಲನ ಮಾಡುತ್ತದೆ. ಎರಡಕ್ಕೂ ವ್ಯಾಖ್ಯೆ ಒಂದೇ, ಲೆಕ್ಕದ ವಿಧಾನ ಮಾತ್ರ ಬೇರೆ.