ಧನ, ಋಣ ಮತ್ತು ಗಡಿನಾಡಿನ ಗಣಿತಪಾಠ

ಗಡಿನಾಡಿನಲ್ಲಿ ಬಾಳುವ ನಮಗೆ ಒಂದೇ ವಸ್ತುವಿಗೆ ಎರಡು ಹೆಸರುಗಳಿರುವುದು ಹೊಸದೇನೂ ಅಲ್ಲ. ಆದರೆ ಒಂದೇ ಹೆಸರು ಎರಡು ಭಾಷೆಗಳಲ್ಲಿ ಎರಡು ಬೇರೆ ವಸ್ತುಗಳನ್ನು ಸೂಚಿಸಿದರೆ ಮಕ್ಕಳ ಪಾಡೇನು? ಆರನೆಯ ತರಗತಿಯ ಗಣಿತದಲ್ಲಿ ಇಂತಹ ಪ್ರಸಂಗವೊಂದು ಎದುರಾಗುತ್ತದೆ. ಸೊನ್ನೆಯಿಂದ ಮೊದಲುಗೊಂಡು 1, 2, 3 ಎಂದು ಬೆಳೆಯುವ ಸಂಖ್ಯೆಗಳನ್ನು ಕನ್ನಡ ಪಠ್ಯಪುಸ್ತಕವು 'ಪೂರ್ಣ ಸಂಖ್ಯೆಗಳು' ಎನ್ನುತ್ತದೆ. ಅವುಗಳೊಡನೆ −1, −2, −3 ಮೊದಲಾದವು ಕೂಡಿದಾಗ 'ಪೂರ್ಣಾಂಕಗಳು' ಎನ್ನುತ್ತದೆ. ತೆಲುಗು ಪಠ್ಯಪುಸ್ತಕದಲ್ಲಿ ಈ ಹೆಸರುಗಳು ಅದಲುಬದಲಾಗಿವೆ. ಅಲ್ಲಿ ಮೊದಲನೆಯವು 'ಪೂರ್ಣಾಂಕಾಲು', ಎರಡನೆಯವು 'ಪೂರ್ಣ ಸಂಖ್ಯಲು'. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಪ್ರದೇಶದ ಮಗುವೊಂದು ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ತೆಲುಗು ಮಾಧ್ಯಮವನ್ನು ಸೇರಿದರೆ, ವಿಷಯವನ್ನು ಚೆನ್ನಾಗಿ ಅರಿತಿದ್ದರೂ ಉತ್ತರದಲ್ಲಿ ಎಡವುವ ಸಂಭವವುಂಟು. ಆಗ ನಾವು ಆ ಮಗುವನ್ನು ದಡ್ಡನೆಂದು ಎಣಿಸುವುದು ಅನ್ಯಾಯ.

ಹೆಸರು ಅದಲುಬದಲಾದರೂ ಎರಡು ಭಾಷೆಗಳಲ್ಲಿಯೂ ಅಚಲವಾಗಿ ನಿಂತ ಎರಡು ಶಬ್ದಗಳಿವೆ. ಅವು ಧನ ಮತ್ತು ಋಣ. ಇವುಗಳ ಚರಿತ್ರೆಯನ್ನು ತಿಳಿದರೆ ಪಾಠವೂ ಸುಲಭವಾಗುವುದು.

ಕ್ರಿ. ಶ. 628ರಲ್ಲಿ ಬ್ರಹ್ಮಗುಪ್ತನು ತನ್ನ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ಈ ಸಂಖ್ಯೆಗಳ ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕ್ರಮವಾಗಿ ನಿರೂಪಿಸಿದನು. ಧನವೆಂದರೆ ಸಂಪತ್ತು, ಋಣವೆಂದರೆ ಸಾಲ. ಸಮನಾದ ಧನವೂ ಋಣವೂ ಕೂಡಿದರೆ ಶೂನ್ಯವೆಂದು ಆತನು ಹೇಳಿದನು. ಇಂದು ಶಾಲೆಯಲ್ಲಿ 'ವಿರುದ್ಧ ಸಂಖ್ಯೆ' ಎಂದು ಕಲಿಸುವುದು ಇದನ್ನೇ. ಕೈಯಲ್ಲಿ ಹತ್ತು ರೂಪಾಯಿ, ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿ ಉದ್ರಿ. ತೀರಿಸಿದರೆ ಉಳಿಯುವುದು ಸೊನ್ನೆ. ಆದುದರಿಂದ 10ಕ್ಕೆ −10 ವಿರುದ್ಧ, −10ಕ್ಕೆ 10 ವಿರುದ್ಧ. ಸೊನ್ನೆಗೆ ಸೊನ್ನೆಯೇ ವಿರುದ್ಧ.

ಈ ವಿದ್ಯೆಯು ನಮ್ಮ ನೆರೆಯಲ್ಲಿಯೇ ಬೆಳೆಯಿತೆಂಬುದು ನಾವು ಹೆಮ್ಮೆಯಿಂದ ನೆನೆಯಬೇಕಾದ ವಿಷಯ. ನಾರಾಯಣಪೇಟೆಯ ವಾಯವ್ಯಕ್ಕೆ, ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡವಿದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಕಾಗಿಣೆಯ ನೀರು ಭೀಮೆಯನ್ನು ಸೇರಿ, ಭೀಮೆಯೊಡನೆ ಕೃಷ್ಣೆಯಲ್ಲಿ ಬೆರೆತು ನಮ್ಮ ಸೀಮೆಗೇ ಹರಿದುಬರುತ್ತದೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಪಂಡಿತ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿ, ಗ್ರಂಥದ ಆದಿಯಲ್ಲಿ ಆ ದೊರೆಯನ್ನು ಸ್ತುತಿಸಿದನು.

ಮಕ್ಕಳಿಗೆ ಅತ್ಯಂತ ಕಠಿಣವೆನಿಸುವ ನಿಯಮವೂ ಅದರಲ್ಲಿದೆ: ಕಳೆಯಬೇಕಾದ ಧನವು ಋಣವಾಗುತ್ತದೆ, ಕಳೆಯಬೇಕಾದ ಋಣವು ಧನವಾಗುತ್ತದೆ. ನೇಕಾರನೊಬ್ಬನ ಕೈಯಲ್ಲಿ 50 ರೂಪಾಯಿ ಇದೆ, 20 ರೂಪಾಯಿ ಸಾಲವಿದೆ ಎಂದಿಟ್ಟುಕೊಳ್ಳೋಣ. ಅವನ ನಿಜವಾದ ಸ್ಥಿತಿ 30. ಸಾಹುಕಾರನು ಆ ಸಾಲವನ್ನು ವಹಿಯಿಂದ ಹೊಡೆದುಹಾಕಿದರೆ ಅದು 50 ಆಗುವುದು. ಎಂದರೆ 30ರಿಂದ −20ನ್ನು ಕಳೆದರೆ 50. ಸಾಲ ಕಳೆದರೆ ಸಂಪತ್ತು ಹೆಚ್ಚುವುದೆಂದು ಯಾವ ಮಗುವಿಗೆ ತಿಳಿಯದು? ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಮಹಾವೀರಾಚಾರ್ಯನು ಹೇಳಿದ್ದಾನೆ. ಆತನೂ ಪ್ರಮಾದಕ್ಕೆ ಹೊರತಾಗಿರಲಿಲ್ಲ. ಸೊನ್ನೆಯಿಂದ ಭಾಗಿಸಿದ ಸಂಖ್ಯೆ ಬದಲಾಗದೆಂದು ಬರೆದನು. ಹಿರಿಯರನ್ನು ಗೌರವಿಸುತ್ತಲೇ ಅವರ ತಪ್ಪನ್ನು ತಿದ್ದುವುದು ಗಣಿತದ ಧರ್ಮ.

ಈ ಗ್ರಂಥವು ಕನ್ನಡ ಸೀಮೆಯಲ್ಲಿಯೇ ನಿಲ್ಲಲಿಲ್ಲ. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ಆಧರಿಸಿ ತೆಲುಗಿನಲ್ಲಿ 'ಸಾರಸಂಗ್ರಹ ಗಣಿತಮು' ರಚಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ'ವನ್ನು ಬರೆದನು. ಎರಡು ಭಾಷೆಗಳೂ ಗಣಿತವನ್ನು ತಮ್ಮದಾಗಿಸಿಕೊಂಡ ಬಗೆ ಇದು.

ಹೆಸರಿನಂತೆ ಚಿಹ್ನೆಗಳೂ ಅದಲುಬದಲಾದುದುಂಟು. ಪೇಶಾವರದ ಬಳಿ 1881ರಲ್ಲಿ ದೊರೆತ ಬಖ್ಶಾಲಿ ಹಸ್ತಪ್ರತಿಯಲ್ಲಿ ಋಣವನ್ನು ಸೂಚಿಸುವ ಗುರುತು ಇಂದಿನ ಕೂಡುವ ಚಿಹ್ನೆಯ (+) ಆಕಾರದಲ್ಲಿದೆ! ಚೀನಾದಲ್ಲಿ 263ರಲ್ಲಿ ಲಿಯು ಹುಯಿ ಎಂಬ ಪಂಡಿತನು ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎಂದು ವಿವರಿಸಿದನು. ಇಂದಿನ ಲೆಕ್ಕದ ಪುಸ್ತಕಗಳಲ್ಲಿ ಕೆಂಪು ಶಾಯಿಯು ನಷ್ಟವನ್ನು ಸೂಚಿಸುತ್ತದೆ. ಯುರೋಪಿನ ಕಾರ್ಡಾನೋ 1545ರಲ್ಲಿ ಋಣ ಉತ್ತರಗಳನ್ನು 'ಕಲ್ಪಿತ'ವೆಂದು ಕರೆದನು. 18ನೆಯ ಶತಮಾನದಲ್ಲಿಯೂ ಅಲ್ಲಿನ ಕೆಲವು ವಿದ್ವಾಂಸರು ಇವುಗಳನ್ನು ಒಪ್ಪಲು ಹಿಂಜರಿದರು. ಹೀಗಿರುವಾಗ ಹನ್ನೊಂದು ವರ್ಷದ ಮಗುವು ಅರೆಕ್ಷಣ ತಡವರಿಸಿದರೆ ಆಶ್ಚರ್ಯವೇನು?

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಪ್ರದೇಶಕ್ಕೆ ಸೇರಿತು. 2014ರಿಂದ ಈ ಸೀಮೆಯು ತೆಲಂಗಾಣದಲ್ಲಿದೆ. ಆಡಳಿತದ ಗೆರೆಗಳು ಬದಲಾದವು. ಮನೆಯ ಮಾತು ಉಳಿಯಿತು. ಆ ಮಾತಿನಲ್ಲಿ ಕಲಿತ ಲೆಕ್ಕವು ಮಾಧ್ಯಮ ಬದಲಾದೊಡನೆ ವ್ಯರ್ಥವಾಗಬಾರದು. ಆದಕಾರಣ ಪಾಲಕರಲ್ಲಿಯೂ ಉಪಾಧ್ಯಾಯರಲ್ಲಿಯೂ ನಮ್ಮ ಬಿನ್ನಹವಿಷ್ಟೆ. ಮಗುವಿನ ಗಣಿತದ ನೋಟುಪುಸ್ತಕದ ಮೊದಲ ಪುಟದಲ್ಲಿ ಕನ್ನಡದ ಹೆಸರನ್ನೂ ತೆಲುಗಿನ ಹೆಸರನ್ನೂ ಎದುರುಬದುರಾಗಿ ಬರೆಯಿಸಿರಿ. ಅವುಗಳ ಮುಂದೆ ಸಂಖ್ಯೆಗಳನ್ನೇ ಬರೆಯಿಸಿರಿ. ಸಂಜೆ ಮನೆಯ ಜಮಾ-ಖರ್ಚನ್ನು, ಉದ್ರಿಯನ್ನು ಮಗುವಿನ ಕೈಯಿಂದಲೇ ಲೆಕ್ಕ ಹಾಕಿಸಿರಿ. ಹೆಸರು ಯಾವುದೇ ಇರಲಿ, ಐದರ ಧನವೂ ಐದರ ಋಣವೂ ಕೂಡಿದರೆ ಸೊನ್ನೆಯೇ ಎಂಬುದನ್ನು ಅರಿತ ಮಗುವು ಯಾವ ಶಾಲೆಗೆ ಹೋದರೂ ಅಂಜಬೇಕಾಗಿಲ್ಲ.