ಸಾಕೆಟ್ಟಿನ ಆಯುಷ್ಯ: ಹಳೆಯ ಡೆಸ್ಕ್‌ಟಾಪ್‌ಗಳ ಪ್ರೊಸೆಸರ್ ಬದಲಾವಣೆಯ ಚರಿತ್ರೆ

ಡೆಸ್ಕ್‌ಟಾಪ್ ಕಂಪ್ಯೂಟರ್ ಹಳೆಯದಾದಾಗ ಅದನ್ನು ಪೂರ್ತಿ ತೆಗೆದುಹಾಕದೆ, ಆಜ್ಞೆಗಳನ್ನು ನಿರ್ವಹಿಸುವ ಮುಖ್ಯ ಚಿಪ್ಪಾದ ಪ್ರೊಸೆಸರನ್ನು ಮಾತ್ರ ಕಿತ್ತು ಅದರ ಜಾಗದಲ್ಲಿ ಹೆಚ್ಚು ಸಾಮರ್ಥ್ಯದ ಇನ್ನೊಂದನ್ನು ಕೂರಿಸುವ ರೂಢಿಗೆ ನಾಲ್ಕು ದಶಕಗಳ ಇತಿಹಾಸವಿದೆ. ಈ ಇತಿಹಾಸವನ್ನು ಸಾಮಾನ್ಯವಾಗಿ ವೇಗದ ಅಂಕಿಗಳಲ್ಲಿ ಹೇಳಲಾಗುತ್ತದೆಯಾದರೂ, ಯಂತ್ರವೊಂದು ಎಷ್ಟು ಕಾಲ ಉಪಯೋಗಕ್ಕೆ ಬಂದೀತು ಎಂಬುದನ್ನು ನಿರ್ಧರಿಸಿದ್ದು ಪ್ರೊಸೆಸರಿನ ವೇಗಕ್ಕಿಂತ ಹೆಚ್ಚಾಗಿ ಅದು ಕೂರುವ ಸಾಕೆಟ್, ಎಂದರೆ ಮದರ್‌ಬೋರ್ಡಿನ ಮೇಲೆ ಚಿಪ್ಪಿನ ಪಿನ್ನುಗಳನ್ನು ಹಿಡಿದುಕೊಳ್ಳುವ ಚೌಕಟ್ಟು. ಆ ಚೌಕಟ್ಟಿನ ಅಳತೆ, ಅದರಲ್ಲಿ ಹರಿಯುವ ವಿದ್ಯುತ್ತು ಮತ್ತು ಅದರ ಮೇಲಿನ ಕಾನೂನು ಹಕ್ಕು ಯಾರ ಕೈಯಲ್ಲಿದ್ದವು ಎಂಬ ಪ್ರಶ್ನೆಯೇ ಈ ಚರಿತ್ರೆಯ ತಿರುಳು.

1981ರ ಆಗಸ್ಟ್‌ನಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನಲ್ಲಿ 4.77 ಮೆಗಾಹರ್ಟ್ಸ್ ವೇಗದ ಇಂಟೆಲ್ 8088 ಚಿಪ್ ಇತ್ತು. ಅದರ ಪಕ್ಕದಲ್ಲಿ, ದಶಮಾಂಶ ಗಣಿತವನ್ನು ಚುರುಕಾಗಿ ಮಾಡುವ 8087 ಎಂಬ ಸಹಪ್ರೊಸೆಸರಿಗಾಗಿ ಒಂದು ಖಾಲಿ ಸಾಕೆಟ್ಟನ್ನೂ ಬಿಡಲಾಗಿತ್ತು. ಯಂತ್ರವನ್ನು ಕೊಂಡವನು ಮುಂದೊಂದು ದಿನ ಅದರ ಸಾಮರ್ಥ್ಯವನ್ನು ಹೆಚ್ಚಿಸಿಕೊಳ್ಳಬಹುದೆಂಬ ಭರವಸೆ ಹೀಗೆ ಮೊದಲ ಯಂತ್ರದಲ್ಲೇ ಇತ್ತು. ಮೂಲ ಚಿಪ್ಪನ್ನೇ ಬದಲಿಸುವ ದಾರಿಯನ್ನು ತೆರೆದದ್ದು ಮಾತ್ರ ಇಂಟೆಲ್ ಅಲ್ಲ, ಜಪಾನಿನ ಎನ್‌ಇಸಿ. ಅದರ ವಿ20 ಚಿಪ್ 8088ರ 40 ಪಿನ್ನುಗಳ ಜಾಗದಲ್ಲಿ ನೇರವಾಗಿ ಕೂರುತ್ತಿತ್ತು ಮತ್ತು ಅದೇ ಗಡಿಯಾರದ ವೇಗದಲ್ಲಿ ಹೆಚ್ಚು ಕೆಲಸ ಮಾಡುತ್ತಿತ್ತು. ಚಿಪ್ಪಿನ ಒಳಗಿನ ಸೂಕ್ಷ್ಮ ಆಜ್ಞೆಗಳಾದ ಮೈಕ್ರೋಕೋಡ್ ವಿಷಯದಲ್ಲಿ ಇಬ್ಬರ ನಡುವೆ ನಡೆದ ಮೊಕದ್ದಮೆಯಲ್ಲಿ, ಮೈಕ್ರೋಕೋಡಿಗೆ ಕೃತಿಸ್ವಾಮ್ಯ ಅನ್ವಯಿಸುತ್ತದೆ, ಆದರೆ ಎನ್‌ಇಸಿ ಅದನ್ನು ಉಲ್ಲಂಘಿಸಿಲ್ಲ ಎಂದು ಅಮೆರಿಕದ ನ್ಯಾಯಾಲಯ 1989ರಲ್ಲಿ ತೀರ್ಪು ನೀಡಿತು. ಬೇರೊಬ್ಬರ ಸಾಕೆಟ್ಟಿಗೆ ತಮ್ಮ ಚಿಪ್ ಮಾಡುವವರೆಲ್ಲರಿಗೂ ಈ ತೀರ್ಪಿನ ಮಹತ್ವ ದೊಡ್ಡದು.

ಅದೇ 1989ರಲ್ಲಿ ಬಂದ ಇಂಟೆಲ್ 486, ಗಣಿತದ ಘಟಕವನ್ನೂ 8 ಕಿಲೋಬೈಟ್‌ಗಳ ಕ್ಯಾಶನ್ನೂ, ಎಂದರೆ ಪದೇಪದೇ ಬೇಕಾಗುವ ಮಾಹಿತಿಯನ್ನು ಹತ್ತಿರದಲ್ಲೇ ಇಟ್ಟುಕೊಳ್ಳುವ ಸ್ಮೃತಿಯನ್ನೂ, ಒಂದೇ ಚಿಪ್ಪಿನೊಳಗೆ ತಂದಿತು. 1991ರಲ್ಲಿ ಇದರ ಅಗ್ಗದ ರೂಪವಾಗಿ ಬಂದ 486ಎಸ್‌ಎಕ್ಸ್‌ನಲ್ಲಿ ಗಣಿತದ ಘಟಕ ಕೆಲಸ ಮಾಡುತ್ತಿರಲಿಲ್ಲ. ಅದನ್ನು ಬಯಸುವವರಿಗೆಂದು ಮಾರಿದ 487ಎಸ್‌ಎಕ್ಸ್ ವಾಸ್ತವದಲ್ಲಿ ಸಹಪ್ರೊಸೆಸರ್ ಆಗಿರದೆ ಪೂರ್ಣ 486 ಚಿಪ್ಪೇ ಆಗಿದ್ದು, ಮೊದಲಿನ ಚಿಪ್ಪನ್ನು ನಿಷ್ಕ್ರಿಯಗೊಳಿಸಿ ಇಡೀ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತಿತ್ತು. ಗ್ರಾಹಕ ಎರಡು ಪ್ರೊಸೆಸರುಗಳಿಗೆ ಹಣ ತೆತ್ತು ಒಂದನ್ನು ಮಾತ್ರ ಬಳಸುತ್ತಿದ್ದ ಈ ವ್ಯವಸ್ಥೆಯನ್ನು ತಾಂತ್ರಿಕ ಅನಿವಾರ್ಯ ಎಂದು ಸಮರ್ಥಿಸುವುದು ಕಷ್ಟ. 1992ರ ಡಿಎಕ್ಸ್2 ಇದಕ್ಕಿಂತ ಪ್ರಾಮಾಣಿಕವಾದ ಸುಧಾರಣೆ: ಬೋರ್ಡಿನ ವೇಗ 33 ಮೆಗಾಹರ್ಟ್ಸ್‌ನಲ್ಲೇ ಉಳಿದು ಚಿಪ್ಪಿನ ಒಳಗಿನ ವೇಗವಷ್ಟೇ 66ಕ್ಕೆ ಏರುತ್ತಿದ್ದುದರಿಂದ, ಹಳೆಯ ಬೋರ್ಡು ಹೊಸ ಪ್ರೊಸೆಸರಿಗೆ ಹೊಂದಿಕೊಳ್ಳುವುದು ಸಾಧ್ಯವಾಯಿತು. ಇಂತಹ ಚಿಪ್ಪುಗಳನ್ನು ಇಂಟೆಲ್ ‘ಓವರ್‌ಡ್ರೈವ್’ ಎಂಬ ಹೆಸರಿನಲ್ಲಿ ಬಿಡಿಯಾಗಿ ಮಾರಿತು. ಮುಂದೆ ಪೆಂಟಿಯಂ ಮಟ್ಟದ ಓವರ್‌ಡ್ರೈವ್ ಬರುತ್ತದೆಂಬ ಮಾತನ್ನು ನಂಬಿ ಎಷ್ಟೋ ಮಂದಿ ಅದಕ್ಕೆ ಸಿದ್ಧವಿದ್ದ 486 ಬೋರ್ಡುಗಳನ್ನು ಕೊಂಡರಾದರೂ, ಆ ಚಿಪ್ 1995ರಲ್ಲಿ ಮಾರುಕಟ್ಟೆಗೆ ಬರುವ ಹೊತ್ತಿಗೆ ನಿಜವಾದ ಪೆಂಟಿಯಂ ಯಂತ್ರಗಳ ಬೆಲೆಯೇ ಇಳಿದಿತ್ತು. ಅದೇ ವರ್ಷ ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ ತಂದ 133 ಮೆಗಾಹರ್ಟ್ಸ್‌ನ 5ಎಕ್ಸ್86 ಹಳೆಯ 486 ಯಂತ್ರಗಳಿಗೆ ಹೆಚ್ಚು ನೆರವಾಯಿತು. ಎವರ್‌ಗ್ರೀನ್, ಕಿಂಗ್‌ಸ್ಟನ್ ಮೊದಲಾದ ಕಂಪನಿಗಳು ವೋಲ್ಟೇಜ್ ಇಳಿಸುವ ಪುಟ್ಟ ಮಂಡಲದ ಮೇಲೆ ಅದನ್ನು ಕೂರಿಸಿ ಮಾರಿದವು.

ಪಿನ್ನುಗಳ ಸಂಖ್ಯೆ ಏರಿದಂತೆ ಚಿಪ್ಪನ್ನು ಒತ್ತಿ ಕೂರಿಸುವುದೂ ಮೀಟಿ ಕೀಳುವುದೂ ಅಪಾಯದ ಕೆಲಸವಾಗಿದ್ದವು. ಪಕ್ಕದ ಹಿಡಿಯನ್ನು ಎತ್ತಿದರೆ ಎಲ್ಲ ಪಿನ್ನುಗಳ ಬಿಗಿ ಒಮ್ಮೆಗೇ ಸಡಿಲವಾಗುವ ‘ಜಿಫ್’ ಸಾಕೆಟ್ ಈ ಭಯವನ್ನು ನಿವಾರಿಸಿ, ಪ್ರೊಸೆಸರ್ ಬದಲಾವಣೆಯನ್ನು ತಂತ್ರಜ್ಞರಲ್ಲದವರ ಕೈಗೂ ತಂದುಕೊಟ್ಟಿತು. ಈ ರೂಢಿಯ ಅತ್ಯುತ್ತಮ ಕಾಲ 321 ಪಿನ್ನುಗಳ ಸಾಕೆಟ್ 7ರದು. ಇಂಟೆಲ್‌ನ ಪೆಂಟಿಯಂ, ಎಎಂಡಿಯ ಕೆ5 ಮತ್ತು ಕೆ6, ಸೈರಿಕ್ಸ್‌ನ 6ಎಕ್ಸ್86, ಐಡಿಟಿಯ ವಿನ್‌ಚಿಪ್ ಇವೆಲ್ಲ ಒಂದೇ ಸಾಕೆಟ್ಟಿನಲ್ಲಿ ಪೈಪೋಟಿ ನಡೆಸಿದವು. ಅಂತಹ ಮುಕ್ತತೆ ಡೆಸ್ಕ್‌ಟಾಪಿನ ಚರಿತ್ರೆಯಲ್ಲಿ ಮತ್ತೆ ಬರಲಿಲ್ಲ. ಪುಣೆಯಲ್ಲಿ ಹುಟ್ಟಿ ದೆಹಲಿಯಲ್ಲಿ ಎಂಜಿನಿಯರಿಂಗ್ ಓದಿದ ವಿನೋದ್ ಧಾಮ್ ಈ ಪೈಪೋಟಿಯ ಎರಡೂ ಕಡೆ ಕೆಲಸ ಮಾಡಿದವರು: ಇಂಟೆಲ್‌ನಲ್ಲಿ ಪೆಂಟಿಯಂ ಯೋಜನೆಯನ್ನು ಮುನ್ನಡೆಸಿದ ಅವರು 1995ರಲ್ಲಿ ನೆಕ್ಸ್‌ಜೆನ್ ಸೇರಿದರು, ಆ ಕಂಪನಿಯನ್ನು ಎಎಂಡಿ ಕೊಂಡುಕೊಂಡಿತು, ನೆಕ್ಸ್‌ಜೆನ್‌ನ ವಿನ್ಯಾಸವನ್ನು ಸಾಕೆಟ್ 7ಕ್ಕೆ ಒಗ್ಗಿಸಿ 1997ರಲ್ಲಿ ಕೆ6 ಎಂಬ ಹೆಸರಿನಲ್ಲಿ ಹೊರತರಲಾಯಿತು.

ಸಾಕೆಟ್ ಒಂದೇ ಆಗಿದ್ದರೂ ವಿದ್ಯುತ್ತಿನ ಬೇಡಿಕೆ ಒಂದೇ ಆಗಿರಲಿಲ್ಲ. ಈ ಸಾಕೆಟ್ಟಿನ ಮೊದಲ ಪೆಂಟಿಯಂಗಳಿಗೆ 3.3 ವೋಲ್ಟ್ ಒಂದೇ ಸಾಕಾಗಿದ್ದರೆ, 1997ರ ಪೆಂಟಿಯಂ ಎಂಎಂಎಕ್ಸ್‌ನ ಒಳತಿರುಳಿಗೆ 2.8 ವೋಲ್ಟ್, ಮರುವರ್ಷದ ಕೆ6-2ಕ್ಕೆ 2.2 ವೋಲ್ಟ್ ಬೇಕಿತ್ತು. ಬೋರ್ಡಿನ ಮೇಲಿನ ಜಂಪರ್‌ಗಳನ್ನು, ಎಂದರೆ ಎರಡು ತಂತಿಮೊನೆಗಳನ್ನು ಬೆಸೆಯುವ ಪುಟ್ಟ ಟೊಪ್ಪಿಗೆಗಳನ್ನು, ತಪ್ಪಾಗಿ ಹಾಕಿದರೆ ಹೊಸ ಚಿಪ್ ಸುಟ್ಟುಹೋಗುವ ಸಂಭವವಿತ್ತು. ವೇಗವನ್ನು ನಿರ್ಧರಿಸುವ ಗುಣಕದ ತೊಡಕನ್ನು ಎಎಂಡಿ ಬಿಡಿಸಿದ ರೀತಿ ಮೆಚ್ಚತಕ್ಕದ್ದು. ಹಳೆಯ ಬೋರ್ಡುಗಳಿಗೆ ದೊಡ್ಡ ಗುಣಕಗಳನ್ನು ಸೂಚಿಸಲು ಬರುತ್ತಿರಲಿಲ್ಲವಾದ್ದರಿಂದ, ಬೋರ್ಡು 2 ಎಂದು ಸೂಚಿಸಿದರೆ ಅದನ್ನು 6 ಎಂದು ತಿಳಿಯುವಂತೆ ನಂತರದ ಕೆ6-2 ಚಿಪ್ಪುಗಳನ್ನು ರೂಪಿಸಲಾಯಿತು. ಸರಿಯಾದ ವೋಲ್ಟೇಜ್ ಒದಗಿಸಬಲ್ಲ 66 ಮೆಗಾಹರ್ಟ್ಸ್‌ನ ಹಳೆಯ ಬೋರ್ಡಿನ ಮೇಲೂ ಪ್ರೊಸೆಸರ್ ಇದರಿಂದ 400 ಮೆಗಾಹರ್ಟ್ಸ್‌ನಲ್ಲಿ ಓಡಿತು. ತಯಾರಕರು ಮನಸ್ಸು ಮಾಡಿದರೆ ಹಳೆಯ ಯಂತ್ರಕ್ಕೆ ಎಷ್ಟು ಆಯುಷ್ಯ ಸೇರಿಸಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳಲ್ಲಿ ಜೋಡಿಸಿಕೊಟ್ಟ ‘ಅಸೆಂಬಲ್ಡ್’ ಕಂಪ್ಯೂಟರುಗಳಿಗೂ ಇಂತಹ ಹೊಂದಾಣಿಕೆಯೇ ಆಧಾರ.

ಇಂಟೆಲ್ 1997ರ ಪೆಂಟಿಯಂ 2ರೊಂದಿಗೆ ಈ ಹಾದಿಯನ್ನು ಬಿಟ್ಟಿತು. ಪ್ರೊಸೆಸರ್ ಮತ್ತು ಕ್ಯಾಶ್ ಚಿಪ್ಪುಗಳನ್ನು ಒಂದು ಫಲಕದ ಮೇಲಿಟ್ಟು ಕಾರ್ಟ್ರಿಜ್ಜಿನಂತೆ ನಿಲ್ಲಿಸುವ ಸ್ಲಾಟ್ 1ಕ್ಕೆ ತಾಂತ್ರಿಕ ಕಾರಣವಿತ್ತು, ಏಕೆಂದರೆ ದೊಡ್ಡ ಕ್ಯಾಶನ್ನು ಪ್ರೊಸೆಸರಿನೊಳಗೇ ಅಗ್ಗವಾಗಿ ಅಳವಡಿಸುವುದು ಆಗ ಸಾಧ್ಯವಿರಲಿಲ್ಲ. ಆದರೆ ಅದರ ಸಂಪರ್ಕ ವ್ಯವಸ್ಥೆಗೆ ಪೇಟೆಂಟ್ ರಕ್ಷಣೆಯಿದ್ದು ಎಎಂಡಿಗೆ ಪರವಾನಗಿ ಸಿಗದೆ ಹೋದದ್ದು ತಂತ್ರಜ್ಞಾನಕ್ಕಿಂತ ವ್ಯಾಪಾರದ ಮಾತು. ಎಎಂಡಿ ತನ್ನ ಅಥ್ಲಾನ್‌ಗೆ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಆಲ್ಫಾ ಪ್ರೊಸೆಸರಿನ ಸಂಪರ್ಕ ವ್ಯವಸ್ಥೆಯನ್ನು ಪಡೆದುಕೊಂಡು 1999ರಲ್ಲಿ ಬೇರೆಯೇ ದಾರಿ ಹಿಡಿಯಿತು. ಅಲ್ಲಿಂದ ಮುಂದೆ ಬೋರ್ಡನ್ನು ಆರಿಸುವುದೆಂದರೆ ಕಂಪನಿಯನ್ನೂ ಆರಿಸುವುದೇ ಆಯಿತು.

2004ರ ಎಲ್‌ಜಿಎ 775ರಲ್ಲಿ ಪಿನ್ನುಗಳು ಚಿಪ್ಪಿನಿಂದ ಬೋರ್ಡಿಗೆ ಸ್ಥಳಾಂತರಗೊಂಡವು. ಪೆಂಟಿಯಂ 4ರಿಂದ ನಾಲ್ಕು ತಿರುಳುಗಳ (ಕೋರ್‌ಗಳ) ಕೋರ್ 2 ಕ್ವಾಡ್‌ವರೆಗೆ ಈ ಸಾಕೆಟ್ ಒಂದೇ ಆಗಿದ್ದರೂ, ಬೋರ್ಡಿನ ಚಿಪ್‌ಸೆಟ್ ಮತ್ತು ಯಂತ್ರವನ್ನು ಎಚ್ಚರಿಸುವ ಮೂಲ ತಂತ್ರಾಂಶವಾದ ಬಯೋಸ್ ಒಪ್ಪದಿದ್ದರೆ ಬದಲಾವಣೆ ಸಾಧ್ಯವಿರಲಿಲ್ಲ. ಈ ಸಾಕೆಟ್ಟಿನ ಎರಡನೆಯ ಜೀವನ ತಯಾರಕರ ಯೋಜನೆಯಲ್ಲಿ ಇಲ್ಲದಿದ್ದುದು. ಸರ್ವರುಗಳಿಗೆಂದು ಮಾಡಿದ ಎಲ್‌ಜಿಎ 771 ಸಾಕೆಟ್ಟಿನ ಜಿಯಾನ್ ಪ್ರೊಸೆಸರುಗಳು ಸೇವೆಯಿಂದ ನಿವೃತ್ತವಾಗಿ ಅಗ್ಗದ ಬೆಲೆಗೆ ಸಿಗತೊಡಗಿದಾಗ, ಎರಡು ಸಂಪರ್ಕಬಿಂದುಗಳನ್ನು ಅದಲುಬದಲು ಮಾಡುವ ಸಣ್ಣ ಅಂಟುಪಟ್ಟಿಯನ್ನು ಚಿಪ್ಪಿನ ಅಡಿಗೆ ಹಚ್ಚಿ, ಅಂಚಿನ ಕಚ್ಚುಗಳನ್ನು ಹೊಂದಿಸಿಕೊಂಡರೆ ಅವು ಎಷ್ಟೋ 775 ಬೋರ್ಡುಗಳಲ್ಲಿ ಓಡುತ್ತವೆಂದು ಹವ್ಯಾಸಿಗಳು ಕಂಡುಕೊಂಡರು. ಸರ್ವರುಗಳ ಲೋಕದಲ್ಲಿ ಹೊಂದಾಣಿಕೆಗೆ ಗೌರವ ಹೆಚ್ಚು ಎಂಬುದಕ್ಕೆ ಕರ್ನಾಟಕದ ಉದಾಹರಣೆಯೊಂದಿದೆ: ಇಂಟೆಲ್‌ನ ಬೆಂಗಳೂರು ತಂಡ ವಿನ್ಯಾಸಗೊಳಿಸಿ 2008ರಲ್ಲಿ ಹೊರಬಂದ ‘ಡನ್ನಿಂಗ್ಟನ್’ ಎಂಬ ಆರು ತಿರುಳುಗಳ ಜಿಯಾನ್, ಅದರ ಹಿಂದಿನ ನಾಲ್ಕು ತಿರುಳುಗಳ ಜಿಯಾನ್ 7300 ಕೂರುತ್ತಿದ್ದ ಸಾಕೆಟ್ಟಿನಲ್ಲೇ ಕೂರುವಂತೆ ರೂಪುಗೊಂಡಿತ್ತು.

ಡೆಸ್ಕ್‌ಟಾಪಿನಲ್ಲಿ ಮಾತ್ರ ಇಂಟೆಲ್ 2009ರಿಂದೀಚೆಗೆ 1156, 1155, 1150, 1151 ಎಂದು ಸಾಕೆಟ್ಟುಗಳನ್ನು ಬೇಗಬೇಗ ಬದಲಿಸುತ್ತ ಹೋಯಿತು. 2017ರಲ್ಲಂತೂ ಪಿನ್ನುಗಳ ಸಂಖ್ಯೆ 1151 ಆಗಿಯೇ ಉಳಿದರೂ, ಎಂಟನೆಯ ತಲೆಮಾರಿನ ಚಿಪ್ಪುಗಳಿಗೆ ವಿದ್ಯುತ್ ಪಿನ್ನುಗಳ ಹಂಚಿಕೆ ಬೇರೆಯಾಗಿದೆಯೆಂಬ ಕಾರಣಕ್ಕೆ ಹಳೆಯ ಬೋರ್ಡುಗಳನ್ನು ಹೊರಗಿಡಲಾಯಿತು. ಬಯೋಸನ್ನು ತಿದ್ದಿ ಅದೇ ಚಿಪ್ಪುಗಳನ್ನು ಹಳೆಯ ಬೋರ್ಡುಗಳಲ್ಲಿ ಓಡಿಸಿ ತೋರಿಸಿದ ಹವ್ಯಾಸಿಗಳ ಕೆಲಸ ಆ ಕಾರಣದ ಬಲವನ್ನು ಬಹಳಷ್ಟು ಕುಗ್ಗಿಸಿತು. ಎಎಂಡಿ ತನ್ನ ಎಎಂ4 ಸಾಕೆಟ್ಟನ್ನು 2016ರಿಂದ ಉಳಿಸಿಕೊಂಡಿತಾದರೂ, ಅದೂ 2020ರ ಮೇ ತಿಂಗಳಲ್ಲಿ ತನ್ನ ಮುಂಬರುವ ರೈಜೆನ್ ಪ್ರೊಸೆಸರುಗಳಿಗೆ 400 ಸರಣಿಯ ಬೋರ್ಡುಗಳಲ್ಲಿ ಬೆಂಬಲ ಇರುವುದಿಲ್ಲ ಎಂದು ಘೋಷಿಸಿತ್ತು. ಬಯೋಸ್ ಇಡುವ ಚಿಪ್ಪಿನಲ್ಲಿ ಜಾಗ ಸಾಲದೆಂಬುದು ಅದು ಕೊಟ್ಟ ಕಾರಣ. ಗ್ರಾಹಕರ ವಿರೋಧ ಎಷ್ಟು ತೀವ್ರವಾಗಿತ್ತೆಂದರೆ, ಅದೇ ತಿಂಗಳು ಕಂಪನಿ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು. 2022ರ ಹೊತ್ತಿಗೆ ಎಎಂ4ರ ಮೊದಲ 300 ಸರಣಿಯ ಬೋರ್ಡುಗಳಿಗೂ ಆ ರೈಜೆನ್‌ಗಳ, ಎಂದರೆ 5000 ಸರಣಿಯ, ಬೆಂಬಲ ದೊರೆಯಿತು. ಬಳಕೆದಾರರು ಕೇಳಿ ಪಡೆದ ಹಕ್ಕು ಇದು.

ಆ ಹಕ್ಕಿನ ಬೆಲೆ ಅನಿರೀಕ್ಷಿತವಾಗಿ ತಿಳಿದುಬಂದದ್ದು ವಿಂಡೋಸ್ 11ರಿಂದ. 2021ರಲ್ಲಿ ಬಂದ ಆ ಕಾರ್ಯಾಚರಣ ವ್ಯವಸ್ಥೆ ಇಂಟೆಲ್‌ನ ಎಂಟನೆಯ ತಲೆಮಾರಿಗಿಂತ ಹಿಂದಿನ ಬಹುತೇಕ ಚಿಪ್ಪುಗಳನ್ನೂ ಮೊದಲ ತಲೆಮಾರಿನ ರೈಜೆನ್‌ಗಳನ್ನೂ ತನ್ನ ಪಟ್ಟಿಯಿಂದ ಕೈಬಿಟ್ಟಿತು, ಮತ್ತು 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. 2017ರಲ್ಲಿ ಕೊಂಡ ಎರಡು ಯಂತ್ರಗಳಲ್ಲಿ ಇಂಟೆಲ್‌ನ ಏಳನೆಯ ತಲೆಮಾರಿನದಕ್ಕೆ ಮದರ್‌ಬೋರ್ಡನ್ನೇ ಬದಲಿಸದ ಹೊರತು ಆ ಪಟ್ಟಿಗೆ ಸೇರುವ ಅಧಿಕೃತ ದಾರಿಯಿಲ್ಲ. ಮೊದಲ ರೈಜೆನ್ ಇರುವ ಇನ್ನೊಂದಕ್ಕೆ, ಬೋರ್ಡಿನ ತಯಾರಕರು ಬಯೋಸ್ ಒದಗಿಸಿದ್ದರೆ, ಹೊಸ ರೈಜೆನ್ ಒಂದನ್ನು ಕೂರಿಸಿದರೆ ಸಾಕು.